ಪಾಡ್ಯದ ಊಟವನ್ನು ಕಾಗೆ ಮುಟ್ಟಲಿಲ್ಲ

ಬಲಿಪಾಡ್ಯದ ದಿನ ಬೆಳಿಗ್ಗೆ ಏಳೂವರೆಗೆ ರಘೋತ್ತಮ ಹಿತ್ತಿಲ ಕಟ್ಟೆಯ ಮೇಲೆ ಕುಳಿತು ಗಡ್ಡ ಹೆರೆದುಕೊಳ್ಳುತ್ತಿದ್ದ. ಕಿಟಕಿಯ ಸರಳಿಗೆ ಸಿಕ್ಕಿಸಿದ ಕನ್ನಡಿಯಲ್ಲಿ, ಸಾಬೂನಿನ ನೊರೆ ಹತ್ತಿದ ಅವನ ಕಿವಿಯ ಹಿಂದೆ, ಒಂದು ಕಾಗೆ ಕಾಣಿಸಿತು. ಹಿತ್ತಿಲ ಗೋಡೆಯ ಮೇಲೆ ಕುಳಿತಿತ್ತು. ಒಂದು ಕಣ್ಣಿನ ಮೇಲೆ ಬಿಳಿ ಪೊರೆ ಬಂದಿತ್ತು. ರಘೋತ್ತಮ ತಿರುಗಿ ನೋಡದೆ 'ಹುಶ್' ಅಂದ. ಅದು ಹಾರಲಿಲ್ಲ, ಕೂಗಲಿಲ್ಲ. ಅವನು ಗಡ್ಡ ಮುಗಿಸಿ, ಮುಖ ತೊಳೆದು, ಟವೆಲ್ಲು ಹೆಗಲಿಗೆ ಹಾಕಿಕೊಂಡು ಒಳಗೆ ಹೋಗುವವರೆಗೂ ನೋಡುತ್ತ ಕುಳಿತಿತ್ತು.

ಅಂದು ಅವನ ಮನೆಯಲ್ಲಿ ಗೆಳೆಯರಿಗೆ ಹಬ್ಬದ ಊಟವಿತ್ತು. ಅದು ಅವನ ಇಷ್ಟದಿಂದ ಗೊತ್ತುಮಾಡಿದ ಊಟವಲ್ಲ.

ಸವದತ್ತಿಯ ಆ ಓಣಿಯಲ್ಲಿ ನಾಲ್ಕು ಮನೆಗಳ ಒಂದು ಪದ್ಧತಿಯಿತ್ತು. ದೀಪಾವಳಿಯ ಪಾಡ್ಯಕ್ಕೆ ವರ್ಷಕ್ಕೊಬ್ಬರು ಉಳಿದ ಮೂವರನ್ನು ಹೆಂಡತಿಯರ ಸಮೇತ ಊಟಕ್ಕೆ ಕರೆಯಬೇಕು. ಸರ್ವೇ ಇಲಾಖೆಯ ರಘೋತ್ತಮ ಐದು ವರ್ಷಗಳಿಂದ ತಪ್ಪದೇ ಉಂಡಿದ್ದ, ಒಮ್ಮೆಯೂ ಉಣಿಸಿರಲಿಲ್ಲ. ಅವನ ಪಾಳಿ ಬಂದಾಗ ಒಮ್ಮೆ ನಾದಿನಿಯ ಬಾಣಂತನ ಬಂತು. ಪಾಳಿ ಮುಂದೆ ಹೋಯಿತು. ಮತ್ತೊಮ್ಮೆ ಬಂದಾಗ ಅಡಿಗೆಮನೆಯ ಹಂಚು ಸೋರುತ್ತಿತ್ತು. (ದೀಪಾವಳಿಯಲ್ಲಿ ಮಳೆ ಇರುವುದಿಲ್ಲ ಎಂದು ಯಾರೋ ನೆನಪಿಸಿದಾಗ ಅವನು, 'ಬಂದ್ರ?' ಎಂದಿದ್ದ.) ೧೯೭೪ರ ಆ ವರ್ಷ ಎದುರುಮನೆಯ ಪೋಸ್ಟ್ ಮಾಸ್ತರ ಬಾಳಕೃಷ್ಣ, ಎಂಟು ಹೆಜ್ಜೆ ನಡೆದು ಬಂದು ಹೇಳಬಹುದಾಗಿದ್ದ ಮಾತನ್ನು ಕಾರ್ಡು ಬರೆದು, ಠಸ್ಸೆ ಹೊಡೆದು, ಟಪಾಲಿನವನ ಕೈಯಲ್ಲಿ ಕಳಿಸಿದ: 'ಈ ಪಾಡ್ಯ ನಿಮ್ಮ ಮನಿಯೊಳಗ. ಆಗದಿದ್ದರ ಬರುವ ವರ್ಷದಿಂದ ನಾವು ಮೂರ ಮನಿ.'

ಕಾರ್ಡು ಓದಿ ತಾರಾಬಾಯಿ ಗಂಡನ ಮುಂದೆ ಇಟ್ಟಳು. "ಓಣಿಯೊಳಗ ಮಾರಿ ತೋರಸೂದು ಹ್ಯಾಂಗ? ತಾತ್ಯಾ ಇದ್ದಾಗ ಈ ಮನಿಯೊಳಗ ಪಾಡ್ಯಕ್ಕ ಉಂಡವರು ವರಾಂಡದಾಗ ಮಲಗಿ ಸಂಜೀಗೆ ಎದ್ದು ಹೋಗ್ತಿದ್ರು."

ತಾತ್ಯಾ ಅಂದರೆ ರಘೋತ್ತಮನ ತಂದೆ. ಪಡಸಾಲೆಯಲ್ಲಿ ಅವರದೊಂದು ಫೋಟೋ ಇತ್ತು: ಪಾಡ್ಯದ ಮಧ್ಯಾಹ್ನ, ಉಂಡ ಹೊಟ್ಟೆಗಳ ಮೇಲೆ ಕೈಯಿಟ್ಟುಕೊಂಡು ಸಾಲಾಗಿ ಕುಳಿತ ಹನ್ನೊಂದು ಮಂದಿ ಹಿರಿಯರು. ನಡುವೆ ತಾತ್ಯಾ, ಎಡಗಣ್ಣಿನಲ್ಲಿ ಪೊರೆ. ಈಗ ಆ ಹನ್ನೊಂದರಲ್ಲಿ ಒಬ್ಬರೂ ಇರಲಿಲ್ಲ.

ಸಕ್ಕರೆ ರೇಷನ್ ಚೀಟಿಯ ಮೇಲೆ, ಕಡಲೆಬೇಳೆ ಕನಸಿನಲ್ಲಿ ಸಿಗುತ್ತಿದ್ದ ಕಾಲ ಅದು. ಹಬ್ಬಕ್ಕೆ ಅಡಿಗೆಯವರೂ ದುಬಾರಿ. ರಘೋತ್ತಮ ಎರಡು ದಿನ ಯೋಚಿಸಿದ. ಮೂರನೆಯ ದಿನ ಅವನಿಗೆ ದಿವ್ಯಜ್ಞಾನವಾಯಿತು. ದೀಪಾವಳಿಯಲ್ಲಿ ಊರಿನ ಎಲ್ಲ ಅಡಿಗೆಯವರಿಗೂ ಕೆಲಸವಿರುತ್ತದೆ, ಒಬ್ಬರನ್ನು ಬಿಟ್ಟು. ಶ್ರಾದ್ಧದ ಅಡಿಗೆಯವರನ್ನು. ಹಬ್ಬದಲ್ಲಿ ಅವರನ್ನು ಯಾರು ಕರೆಯುತ್ತಾರೆ? ಮುನವಳ್ಳಿಯ ಹೊಳೆದಂಡೆಯಲ್ಲಿ ಮೂವತ್ತು ವರ್ಷಗಳಿಂದ ಶ್ರಾದ್ಧದ ಅಡಿಗೆ ಮಾತ್ರ ಮಾಡುತ್ತಿದ್ದ ತ್ರ್ಯಂಬಕಭಟ್ಟರು ಕಾಲು ಭಾಗ ಕೂಲಿಗೆ ಒಪ್ಪಿದರು. ಪಿತೃಪಕ್ಷಕ್ಕೆಂದು ತರಿಸಿ ಉಳಿದಿದ್ದ ಉದ್ದಿನಬೇಳೆ, ಎಳ್ಳುಗಳನ್ನು ಅಂಗಡಿಯವನೊಬ್ಬ ಅರ್ಧ ದರಕ್ಕೆ ಕೊಟ್ಟ.

"ಹಬ್ಬದ ದಿನ ಆ ಮನುಷ್ಯಾನ್ನ ಮನಿಯೊಳಗ ಕರೀತೀರೇನ್ರಿ?" ತಾರಾಬಾಯಿ ಲಟ್ಟಣಿಗೆ ಕೆಳಗಿಟ್ಟಳು. "ಎದುರಿಗೆ ಬಂದ್ರ ಮಂದಿ ಓಣಿ ಬದಲಸ್ತಾರ!"

"ಅಡಗಿ ಅಂದ್ರ ಅಡಗಿ. ಉದ್ದಿನ ಬ್ಯಾಳಿಗೆ ಪಂಚಾಂಗ ಗೊತ್ತಿರತದೇನು?"

"ಬ್ಯಾಳಿಗೆ ಇರೂದಿಲ್ಲ. ಭಟ್ಟರಿಗೆ ಇರತದ."

ಭಟ್ಟರು ಪಾಡ್ಯದ ದಿನ ಎಂಟಕ್ಕೆ ಬಂದರು. ಉದ್ದನೆಯ, ಒಣಗಿದ ಮನುಷ್ಯ. ಮುಂಬಾಗಿಲಿಗೆ ಬರದೆ ಸೀದಾ ಹಿತ್ತಿಲ ಬಾಗಿಲಿಗೆ ಬಂದು ನಿಂತು, "ದಕ್ಷಿಣ ಯಾವ ಕಡೆ?" ಎಂದು ಕೇಳಿದರು. ಅಳತೆ ರಘೋತ್ತಮನ ಕಸುಬು. ಅವನು ಬೆರಳು ಚಾಚಿ, ಅರ್ಧ ಡಿಗ್ರಿಯೂ ತಪ್ಪದ ಹಾಗೆ ದಕ್ಷಿಣ ತೋರಿಸಿದ. ಬೆರಳಿನ ತುದಿಗೆ ಸರಿಯಾಗಿ, ಗೋಡೆಯ ಮೇಲೆ, ಕಾಗೆ ಕುಳಿತಿತ್ತು.

ಆಮೇಲೆ ಮನೆಯಲ್ಲಿ ಒಂದೊಂದೇ ಸದ್ದು ನಿಂತಿತು. ಭಟ್ಟರು ಪಾತ್ರೆ ಎತ್ತಿದರೂ ಇಟ್ಟರೂ ಕೇಳಿಸುತ್ತಿರಲಿಲ್ಲ. ಊಟಕ್ಕೆ ಕೂರುವ ಜಾಗದಲ್ಲಿ ತಾರಾಬಾಯಿ ನಸುಕಿನಲ್ಲೆದ್ದು ಹಾಕಿದ್ದ ರಂಗೋಲಿಯ ಮೇಲೆ ಒಂದು ತಂಬಿಗೆ ನೀರು ಸುರಿದು ಒರೆಸಿದರು. ಅವಳು ಬಾಯಿ ತೆರೆಯುವಷ್ಟರಲ್ಲಿ ನೆಲ ಒಣಗಿತ್ತು. ಹತ್ತರ ಸುಮಾರಿಗೆ ಅವಳು ನೀರು ತರಲು ಅಡಿಗೆಮನೆಗೆ ಹೋದಾಗ ಭಟ್ಟರು ಬೆನ್ನು ತಿರುಗಿಸಿ ಕುಳಿತು, ಮೆಲ್ಲಗೆ, "ಹುಳಿ ಇಷ್ಟ ಸಾಕಲಾ?" ಎನ್ನುತ್ತಿದ್ದರು. ಅಲ್ಲಿ ಬೇರೆ ಯಾರೂ ಇರಲಿಲ್ಲ.

"ಯಾರ ಕೂಡ ಮಾತಾಡ್ಲಿಕ್ಕೆ ಹತ್ತೀರಿ?"

"ಉಣ್ಣವರ ಕೂಡ. ಕೇಳಿ ಮಾಡೂದು ನನ್ನ ರೂಢಿ, ತಂಗೀ. ಹೀರೀಕಾಯಿ ಬ್ಯಾಡಂದ್ರು. ತಗದಿಟ್ಟೇನಿ."

ತಾರಾಬಾಯಿ ಕೊಡ ಅಲ್ಲೇ ಬಿಟ್ಟು ಹೊರಗೆ ಬಂದಳು. "ತಾತ್ಯಾಗ ಹೀರೀಕಾಯಿ ಆಗ್ತಿರಲಿಲ್ಲ," ಎಂದಳು. "ಇವರಿಗೆ ಯಾರು ಹೇಳಿದ್ರು?"

"ಉಳೀತಲ್ಲಾ, ನಾಳೆ ಪಲ್ಯ ಮಾಡು," ಎಂದ ರಘೋತ್ತಮ.

ಹನ್ನೆರಡಕ್ಕೆ ಅತಿಥಿಗಳು ನಗುತ್ತ ಬಂದರು. ಬಾಳಕೃಷ್ಣ, ಅರಳೆ ಪೇಟೆಯ ದಲಾಲಿ ದುಂಡಪ್ಪ, ಸಾಲಿ ಮಾಸ್ತರ ಯಮನಪ್ಪ. ಹಿಂದೆ ಅವರ ಹೆಂಡತಿಯರು. "ಐದ ವರ್ಷದ ಹಸಿವಿ ಹೊತ್ಕೊಂಡ ಬಂದೇವಪಾ!" ಎಂದು ದುಂಡಪ್ಪ ಹೊಸ್ತಿಲಲ್ಲೇ ಕೂಗಿದ. ಒಳಗೆ ಕಾಲಿಟ್ಟ ಬಾಳಕೃಷ್ಣನ ನಗು ಅಲ್ಲಿಗೇ ನಿಂತಿತು.

ರಂಗೋಲಿ ಇಲ್ಲ. ಎಂಟು ಎಲೆಗಳ ಸುತ್ತ ಬೂದಿಯ ಗೆರೆ. ಸಾಲಿನ ತಲೆಗೆ, ಶ್ರಾದ್ಧದಲ್ಲಿ ಪಿತೃಗಳಿಗೆ ಇಡುವ ಹಾಗೆ, ಇನ್ನೂ ಎರಡು ಎಲೆ, ಯಾರೂ ಇಲ್ಲದ ಮಣೆಗಳ ಮುಂದೆ. ಬಡಿಸಿದ್ದು ಉದ್ದಿನ ವಡೆ, ಎಳ್ಳಿನ ಉಂಡೆ, ಬಾಳೆಕಾಯಿ ಪಲ್ಯ, ಗೋಧಿ ಪಾಯಸ. ವಾಸನೆಯೇ ತಿಥಿಯನ್ನು ಹೇಳುತ್ತಿತ್ತು.

"ರಘೂ," ಬಾಳಕೃಷ್ಣ ಕಿವಿಯ ಹತ್ತಿರ ಬಂದ. "ತಾತ್ಯಾನ ಶ್ರಾದ್ಧ ಜ್ಯೇಷ್ಠದಾಗ ಅಲ್ಲೇನು?"

"ಶ್ರಾದ್ಧ ಅಲ್ಲೋ ಮಾರಾಯಾ, ಹಬ್ಬದ ಊಟ!"

"ಮತ್ತ ಆ ಎರಡ ಎಲಿ?"

ಅಷ್ಟರಲ್ಲಿ ಹಿತ್ತಿಲ ಬಾಗಿಲಲ್ಲಿ ಭಟ್ಟರು ಕಾಣಿಸಿಕೊಂಡರು. "ಹೊರಗ ಎಲಿ ಇಟ್ಟೇನಿ. ಕಾಗಿ ಮುಟ್ಟೂ ತನಕಾ ಒಳಗ ಯಾರೂ ಕೈ ಹಚ್ಚಬಾರದು."

"ಇವತ್ತ ಅದು ಬೇಕಾಗಿಲ್ಲ, ಭಟ್ಟರ..."

"ನನಗ ಬರೂದು ಇದೊಂದ ಅಡಗಿ. ಮಾಡಿದ ಮ್ಯಾಲೆ ಅರ್ಧಾ ಬಿಡಲಿಕ್ಕೆ ಬರೂದಿಲ್ಲ," ಎಂದರು ಭಟ್ಟರು. ಗದರಿಸಲಿಲ್ಲ. ತಿಳಿಸಿದರು, ಅಷ್ಟೆ. ಆದರೂ ಮಣೆಯ ಮೇಲೆ ಕೂರಲು ಬಗ್ಗಿದ್ದ ಯಮನಪ್ಪ ಮಾಸ್ತರ ನೆಟ್ಟಗಾದ.

"ಏನಂತ ಇದು?" ದುಂಡಪ್ಪ ಕೇಳಿದ. ಅವನ ಮನೆತನದಲ್ಲಿ ಶ್ರಾದ್ಧದ ಪದ್ಧತಿ ಇರಲಿಲ್ಲ.

"ಕಾಗಿ ಮುಟ್ಟಲಿಲ್ಲಂದ್ರ, ಹೋದವರದು ಏನೋ ಆಸಿ ಉಳದದ ಅಂತ," ಎಂದ ಬಾಳಕೃಷ್ಣ. "ನಡಸ್ತೇವಿ ಅಂತ ಮಾತ ಕೊಡಬೇಕು. ಒಪ್ಪಿದ್ರ ಮುಟ್ಟತದ."

"ಒಪ್ಪಲಿಲ್ಲಂದ್ರ?"

"ಉಪಾಸ."

ಎಲ್ಲರೂ ಹಿತ್ತಿಲಿಗೆ ಬಂದರು. ತುಳಸಿಕಟ್ಟೆಯಾಚೆ ಕಲ್ಲಿನ ಮೇಲೆ ಎಲೆ ಇತ್ತು. ಗೋಡೆಯ ಮೇಲೆ ಅದೇ ಕಾಗೆ. ಈಗ ಎದುರಿನಿಂದ ನೋಡಿದಾಗ ರಘೋತ್ತಮನಿಗೆ ತಿಳಿಯಿತು: ಬೆಳಿಗ್ಗೆ ಕನ್ನಡಿಯಲ್ಲಿ ಬಲಗಣ್ಣೆಂದು ಕಂಡದ್ದು ಎಡಗಣ್ಣಾಗಿತ್ತು. ಅದು ಎಲೆಯನ್ನು ನೋಡುತ್ತಿರಲಿಲ್ಲ. ಅವನನ್ನು ನೋಡುತ್ತಿತ್ತು.

ಹನ್ನೆರಡೂವರೆ ಆಯಿತು. ಒಂದಾಯಿತು. ಇನ್ನಷ್ಟು ಕಾಗೆಗಳು ಬಂದವು. ಬಂದದ್ದು ಯಾರಿಗೂ ಕಾಣಲಿಲ್ಲ. ಕತ್ತೆತ್ತಿ ನೋಡಿದಾಗ ಹಂಚಿನ ಮೇಲೆ ಸಾಲಾಗಿ ಕುಳಿತಿದ್ದವು. ಒಂದೂ ಕೂಗಲಿಲ್ಲ. ಓಣಿಯಲ್ಲಿ ಹುಡುಗರು ಹಚ್ಚುತ್ತಿದ್ದ ಪಟಾಕಿ ಎಲ್ಲೋ ಬೇರೆ ಊರಿನದರಂತೆ ಕೇಳಿಸುತ್ತಿತ್ತು. ಒಳಗೆ ವಡೆ ತಣ್ಣಗಾಗುತ್ತಿತ್ತು.

"ಏನಾರ ಅನ್ರಿ," ತಾರಾಬಾಯಿ ಗಂಡನ ಮೊಣಕೈ ತಿವಿದಳು.

ರಘೋತ್ತಮ ಕೈ ಮುಗಿದ. "ತಾತ್ಯಾ, ನಿಮ್ಮ ಫೋಟೋಕ್ಕ ಹೊಸಾ ಗಾಜು ಹಾಕಸ್ತೇನಿ."

ಕಾಗೆ ಒಂದು ಹೆಜ್ಜೆ ಹಿಂದೆ ಸರಿಯಿತು.

"ದರಾ ಕಡಿಮಿ ಆತ್ರಿ," ಎಂದ ದುಂಡಪ್ಪ. ಇಪ್ಪತ್ತು ವರ್ಷ ಪೇಟೆಯಲ್ಲಿ ಟವೆಲ್ಲಿನ ಕೆಳಗೆ ಬೆರಳು ಹಿಡಿದು ವ್ಯಾಪಾರ ಕುದುರಿಸಿದವನು. "ಮಾಲಿನ ಧಣಿ ಎದ್ದು ಹೋಗೂದರಾಗ ಏರಸ್ರಿ."

"ನಿಮ್ಮ ಛತ್ರಿ ರಿಪೇರಿ ಮಾಡಸ್ತೇನಿ."

ಕಾಗೆ ರೆಕ್ಕೆಯಲ್ಲಿ ಕೊಕ್ಕು ಇಟ್ಟಿತು.

"ಅದೂ ಒಂದ ದರಾ ಏನ್ರಿ ರಾಯರ?" ಎಂದ ದುಂಡಪ್ಪ. "ನಾ ಆಗಿದ್ರ ನಾನೂ ಮುಟ್ಟತಿರಲಿಲ್ಲ!"

ತಾರಾಬಾಯಿ ಮುಂದೆ ಬಂದು ಸೆರಗು ಹೊದ್ದುಕೊಂಡಳು. "ತಾತ್ಯಾ, ನಿಮ್ಮ ಮುಂದನ ಇವರು ನನಗ ಇಳಕಲ್ ಸೀರಿ ಕೊಡಸ್ತೇನಿ ಅಂದಿದ್ರು. ಏಳ ವರ್ಷ ಆತು."

ಕಾಗೆ ಒಂದು ಹೆಜ್ಜೆ ಮುಂದೆ ಬಂತು.

"ಇದು ಅನ್ಯಾಯ!" ಎಂದ ರಘೋತ್ತಮ. "ಸತ್ತವರ ಆಸಿ ಕೇಳಬೇಕೋ, ಇದ್ದವರದೋ?"

"ಹೆಜ್ಜಿ ಇಟ್ಟದ್ದು ಅದು, ನಾ ಅಲ್ಲ. ಕೊಡಸ್ತೇನಿ ಅನ್ರಿ."

"...ಕೊಡಸ್ತೇನಿ."

ಕಾಗೆ ನಿಂತಲ್ಲೇ ನಿಂತಿತು. ಒಂದೂವರೆ. ಯಮನಪ್ಪ ಮಾಸ್ತರನ ಹೆಂಡತಿ ತುಳಸಿಕಟ್ಟೆಗೆ ಒರಗಿ ಕುಳಿತಳು. ಬಾಳಕೃಷ್ಣ ಗೆಳೆಯನ ಭುಜದ ಮೇಲೆ ಕೈಯಿಟ್ಟ. ಈ ಸಲ ಅವನ ಮಾತಿನಲ್ಲಿ ಚೇಷ್ಟೆ ಇರಲಿಲ್ಲ.

"ರಘೂ, ನಿನಗ ಗೊತ್ತದ ಅದು ಏನ ಕೇಳತದ ಅಂತ. ತಾತ್ಯಾ ವರ್ಷವಿಡೀ ಈ ಒಂದ ದಿನದ ಹಾದಿ ನೋಡ್ತಿದ್ರು."

ರಘೋತ್ತಮನಿಗೆ ಗೊತ್ತಿತ್ತು. ಬೆಳಿಗ್ಗೆಯಿಂದ ಗೊತ್ತಿತ್ತು. ಹಂಚಿನ ಮೇಲಿನ ಸಾಲು ಒಟ್ಟಾಗಿ ಕತ್ತು ಬಾಗಿಸಿ ಕೆಳಗೆ ನೋಡಿತು, ಪಂಕ್ತಿಯಲ್ಲಿ ಕುಳಿತವರು ಬಡಿಸುವವನ ಕಡೆ ನೋಡುವ ಹಾಗೆ. ಅವನು ಮತ್ತೆ ಕೈ ಮುಗಿದ.

"ಪ್ರತಿ ವರ್ಷ ಪಾಡ್ಯಕ್ಕ," ಎಂದ. "ಪಾಳಿ ಇಲ್ಲ. ಇದ' ಮನಿಯೊಳಗ. ಎಲ್ಲಾರಿಗೂ ಊಟ."

ಕಾಗೆ ಗೋಡೆಯಿಂದ ಕಲ್ಲಿಗೆ ಇಳಿಯಿತು. ಎಲೆಯ ಅಂಚಿಗೆ ಬಂದು ನಿಂತು, ವಡೆಯ ಮೇಲೆ ಕೊಕ್ಕು ಬಗ್ಗಿಸಿ, ಮುಟ್ಟದೆ, ತಲೆ ಓರೆ ಮಾಡಿ ಆ ಬಿಳಿಯ ಕಣ್ಣಿನಿಂದ ಅವನನ್ನೇ ನೋಡಿತು. ವಡೆ ಅಗ್ಗದ ಕುಸುಬೆ ಎಣ್ಣೆಯಲ್ಲಿ ಕರಿದದ್ದು.

"ಕರಾರಿನಾಗ ಏನೋ ಒಂದ ಕಲಮು ಉಳದೈತ್ರಿ," ದುಂಡಪ್ಪ ಪಿಸುಗುಟ್ಟಿದ.

ರಘೋತ್ತಮ ಕಣ್ಣು ಮುಚ್ಚಿಕೊಂಡ. "ತುಪ್ಪದಾಗ," ಎಂದ. "ಮನೀ ತುಪ್ಪದಾಗ."

ಕಣ್ಣು ತೆರೆದಾಗ ಕಾಗೆ ವಡೆ ಮುಟ್ಟಿತ್ತು.

ಊಟ ಅಮೃತದಂತಿತ್ತು. ಹಾಗೆಂದು ಎಲ್ಲರೂ ಒಪ್ಪಿದ್ದು ಕೈ ತೊಳೆದ ಮೇಲೆ. ಉಣ್ಣುವಾಗ ಸಾಲಿನ ತಲೆಯ ಎರಡು ಎಲೆಗಳ ಕಡೆ ಯಾರೂ ನೋಡಲಿಲ್ಲ. ಎಲೆಯಡಿಕೆ ಹಾಕಿಕೊಂಡು ಬಾಳಕೃಷ್ಣ ಜೇಬಿನಿಂದ ಒಂದು ಖಾಲಿ ಕಾರ್ಡು ತೆಗೆದು, ರಘೋತ್ತಮ ಗೋಡೆಯ ಮುಂದೆ ಕೊಟ್ಟ ಮಾತನ್ನು ಅಕ್ಷರ ಬಿಡದೆ ಬರೆದು, ಸಹಿ ಹಾಕಿಸಿಕೊಂಡ. ("ನಾಳೆ ಠಸ್ಸೆ ಹೊಡಕೊಂಡ ಬರತೇನಿ.")

ಎಲ್ಲರೂ ಹೋದ ಮೇಲೆ ಭಟ್ಟರು ಹಿತ್ತಿಲ ಬಾಗಿಲಲ್ಲಿ ನಿಂತರು. ಕೂಲಿ ಒಪ್ಪಿದಷ್ಟೇ, ಕಾಲು ಭಾಗ. ಆದರೆ ಕಾಗೆ ಮುಟ್ಟಿದ ಮೇಲೆ ಕೊಡಬೇಕಾದ ದಾನ ಬೇರೆ: ಧೋತರ, ತಾಮ್ರದ ತಂಬಿಗೆ, ಛತ್ರಿ. ರಘೋತ್ತಮ ತನ್ನ ಹೊಸ ಛತ್ರಿಯನ್ನೇ ಕೊಟ್ಟ. ರಿಪೇರಿಯಾಗದ ತಾತ್ಯಾನ ಛತ್ರಿ ಅವನ ಪಾಲಿಗೆ ಉಳಿಯಿತು.

"ಭಟ್ಟರ, ಖರೇ ಹೇಳ್ರಿ. ಆ ಕಾಗಿ ನಿಮ್ಮ ಕೂಡ ಬಂದದ್ದೇನು?"

"ಮೂವತ್ತ ವರ್ಷದಾಗ ನಾ ಒಂದ ಕಾಗೀನೂ ಸಾಕಿಲ್ಲ." ಭಟ್ಟರು ಛತ್ರಿ ಬಿಚ್ಚಿ, ಕಡ್ಡಿಗಳನ್ನು ನೋಡಿ, ಮಡಚಿದರು. "ಬಂದ್ರ ಎಂದೂ ಒಂದು, ಭಾಳ ಆದ್ರ ಎರಡು. ಇವತ್ತ ಹನ್ನೊಂದು ಬಂದಿದ್ವು. ನಿಮ್ಮ ತಂದೀಯವರಿಗೆ ಗೆಳ್ಯಾರು ಭಾಳ ಏನು?"

ರಘೋತ್ತಮ ಪಡಸಾಲೆಗೆ ಬಂದು ಫೋಟೋದ ಮುಂದೆ ನಿಂತ. ಒಬ್ಬೊಬ್ಬರ ಮೇಲೂ ಬೆರಳಿಟ್ಟು ಎಡದಿಂದ ಬಲಕ್ಕೆ ಎಣಿಸಿದ. ಬಲದಿಂದ ಎಡಕ್ಕೂ ಎಣಿಸಿದ. ಒಳಗಿನಿಂದ ತಾರಾಬಾಯಿ, ಸೀರೆ ಕೆಂಪೋ ಹಸಿರೋ ಎಂದು ಕೇಳುತ್ತಿದ್ದಳು.

ಮರುದಿನ ಬೆಳಿಗ್ಗೆ ಅವನು ಮೊದಲ ಬಸ್ಸಿಗೆ ಯರಗಟ್ಟಿಗೆ ಹೋಗಿ ಒಂದು ಎಮ್ಮೆಗೆ ಮುಂಗಡ ಕೊಟ್ಟು ಬಂದ.