ಮೇಸ್ತ್ರಿಯ ಹತ್ತರಿ

ಆ ಭಾನುವಾರ ಗುಜರಿ ಅಂಗಡಿಯಲ್ಲಿ ಹರಿದ ಟೈರುಗಳ ಕೆಳಗೆ ಮರ ಹೆರೆಯುವ ಆ ಹತ್ತರಿ ಕಣ್ಣಿಗೆ ಬೀಳದಿದ್ದರೆ ಗುಮಾಸ್ತರ ದಿನ ಸುಖವಾಗಿ ಕಳೆಯುತ್ತಿತ್ತು. ಆದರೆ ಹಳೆಯ ಬಡಗಿ ಸಾಮಾನು ಯಾವ ಪಾತಾಳದಲ್ಲಿದ್ದರೂ ಅವರ ಕಣ್ಣಿಗೆ ಬಿದ್ದೇ ಬೀಳುತ್ತಿತ್ತು. ಮನೆಯಲ್ಲಿ ಆಗಲೇ ಹದಿನೇಳು ಉಳಿ, ಆರು ಗರಗಸ, ಮಂಚದ ಕೆಳಗೆ ನಾಲ್ಕು ಬೈರಿಗೆ ಇದ್ದವು. ಇವರು ಕಟ್ಟಿಕೊಂಡದ್ದು ತನ್ನನ್ನೋ ಗರಗಸವನ್ನೋ ಎಂದು ಹೆಂಡತಿ ಕೇಳುವುದನ್ನು ಬಿಟ್ಟು ಎರಡು ವರ್ಷವಾಗಿತ್ತು.

ಈ ಹುಚ್ಚು ಹಿಡಿಸಿದವರು ಬೀದಿಯ ಕೊನೆಯ ಮನೆಯ ಬಡಗಿ ಮೇಸ್ತ್ರಿ. ಮರದ ಮೈ ಹೆರೆದು ನುಣುಪು ಮಾಡುವುದನ್ನು, ಅಲಗಿಗೆ ಸಾಣೆ ಹಿಡಿಯುವುದನ್ನು ಗುಮಾಸ್ತರಿಗೆ ಕಲಿಸಿದ ಗುರು. ಈಗ ಅವರ ಕಣ್ಣು ಪೂರ್ತಿ ಹೋಗಿತ್ತು. ಹೆಚ್ಚು ದಿನವಿಲ್ಲ ಎಂದು ಡಾಕ್ಟರು ಹೇಳಿದ್ದರು. ಎಂದೋ ಕಳುವಾದ ತಮ್ಮ ಹತ್ತರಿಯನ್ನು ಒಮ್ಮೆ ಕೈಯಲ್ಲಿ ಹಿಡಿಯಬೇಕೆಂಬುದು ಅವರ ಒಂದೇ ಆಸೆ. ಮೊಳದುದ್ದದ ಮರದ ಹತ್ತರಿ ಎನ್ನುವುದು ಬಿಟ್ಟು ಬೇರೆ ಗುರುತು ಹೇಳಿರಲಿಲ್ಲ. ಹುಡುಕಿ ಹುಡುಕಿ ಸೋತಿದ್ದ ಗುಮಾಸ್ತರು, ಇದನ್ನೇ ಅದೆಂದು ಹೇಳಿ ಕೊಟ್ಟುಬಿಡೋಣ, ಒಂದು ಸುಳ್ಳಿನಿಂದ ಮುದುಕನ ಜೀವ ತಣ್ಣಗಾಗಲಿ ಎಂದುಕೊಂಡರು.

ಧೂಳು ಒರೆಸಿ ಎಣ್ಣೆ ಸವರಿದ್ದರೆ ಸಾಕಿತ್ತು. ಆದರೆ ಬಾಗಿಲ ಮೆಟ್ಟಿಲ ಮೇಲೆ ಕೂತು ಕೆಲಸ ಮಾಡಿದರೆ ಬೀದಿ ಸುಮ್ಮನಿರುತ್ತದೆಯೇ? ಎದುರು ಮನೆಯ ನಿವೃತ್ತ ಪೋಸ್ಟ್‌ಮಾಸ್ಟರು ಕನ್ನಡಕ ಏರಿಸಿ ನೋಡಿ, ಹತ್ತರಿಯ ಪಕ್ಕದಲ್ಲಿದ್ದ ಕುಳಿಯನ್ನು ಇಲಿ ಕಡಿದದ್ದೆಂದು ತೀರ್ಪು ಕೊಟ್ಟರು. ಗುರುವಿಗೆ ಇಲಿಯ ಎಂಜಲು ಕೊಡುವುದೇ ಎಂದು ಪಕ್ಕದ ಮನೆಯ ಪೇಂಟ್ ಅಂಗಡಿಯವನು ಓಡಿಹೋಗಿ ಪುಟ್ಟಿ ತಂದ. ಪುಟ್ಟಿ ಕಚ್ಚಿಕೊಳ್ಳಲೆಂದು ಕುಳಿಯನ್ನು ಅರದಿಂದ ಗರಗರ ತಿಕ್ಕಿ, ತುಂಬಿ, ಸಮ ಮಾಡಿದ. ಹಿಂಬದಿಯಲ್ಲಿ ಮೂರು ಗೀಟುಗಳಿದ್ದವು. ಯಾರೋ ಮಕ್ಕಳು ಗೀಚಿರಬೇಕೆಂದು ಹೆಂಡತಿಯೇ ಉಪ್ಪುಕಾಗದ ಹಿಡಿದು ಕೂತಳು. ಕೊನೆಗೆ ವಾರ್ನಿಷ್. ಹಳೆಯ ಸಾಮಾನಿಗೆ ವಾರ್ನಿಷ್ ಎಂದರೆ ಗುಮಾಸ್ತರಿಗೆ ಮೈ ಉರಿಯುತ್ತಿತ್ತು. ಕಣ್ಣಿಲ್ಲದವರಿಗೆ ಹೊಳಪು ಯಾತಕ್ಕೆ ಎಂದು ಗೊಣಗಿಯೂ ನೋಡಿದರು. ಆದರೆ ಬೇಡ ಎಂದು ಗಟ್ಟಿಯಾಗಿ ಹೇಳುವ ಅಭ್ಯಾಸ ಅವರಿಗೆ ಆಫೀಸಿನಲ್ಲೂ ಇರಲಿಲ್ಲ, ಮನೆಯಲ್ಲೂ ಇರಲಿಲ್ಲ.

ಸಂಜೆ ಎಲ್ಲರೂ ಸೇರಿ ಮೇಸ್ತ್ರಿಯ ಮನೆಗೆ ಹೋದರು. ನಿಮ್ಮ ಹತ್ತರಿ ಸಿಕ್ಕಿತು ಎಂದು ಗುಮಾಸ್ತರು ಹೇಳಿದಾಗ ಮೇಸ್ತ್ರಿ ಹಾಸಿಗೆಯಲ್ಲಿ ಎದ್ದು ಕೂತರು. ಎಷ್ಟೋ ದಿನದ ಮೇಲೆ ಅವರ ಮುಖದಲ್ಲಿ ನಗು ಬಂದಿತ್ತು. ಬೆರಳುಗಳು ಮರದ ಮೇಲೆಲ್ಲ ಓಡಾಡಿ, ಪಕ್ಕಕ್ಕೆ ಬಂದು, ಏನನ್ನೋ ತಡಕಿ ನಿಂತವು.

"ಒಳ್ಳೇ ಹತ್ತರಿ ಕಣಪ್ಪ. ಆದ್ರೆ ನಂದಲ್ಲ."

ನಿಮ್ಮದೇ ಎಂದು ಗುಮಾಸ್ತರು ಹಟ ಹಿಡಿದರು.

"ನಂದಕ್ಕೆ ಇಲ್ಲೊಂದು ಕುಳಿ ಇತ್ತು. ಮೊದಲು ನಮ್ಮಪ್ಪನ ಹೆಬ್ಬೆಟ್ಟು, ಆಮೇಲೆ ನಂದು, ಒತ್ತಿ ಒತ್ತಿ ಬಿದ್ದಿದ್ದು. ಹಿಂದುಗಡೆ ಮೂರು ಗೀಟು. ನಮ್ಮನೇಲಿ ಮಗು ಹುಟ್ಟಿದಾಗೆಲ್ಲ ಒಂದೊಂದು ಎಳೆದಿದ್ದೆ. ಮಕ್ಕಳು ಒಂದೂ ಉಳೀಲಿಲ್ಲ. ಗೀಟು ಮಾತ್ರ ಇದ್ವು."

ಪೋಸ್ಟ್‌ಮಾಸ್ಟರು ಸೂರು ನೋಡಿದರು. ಪೇಂಟ್ ಅಂಗಡಿಯವನು ಅಂಗಡಿಯ ನೆನಪಾಗಿ ಹೊರಗೆ ನಡೆದ. ಹೆಂಡತಿ ಸೆರಗಿನಿಂದ ಕಣ್ಣೊತ್ತಿಕೊಂಡಳು. ಗುಮಾಸ್ತರು ಮಂಡಿಯೂರಿ ಕೂತು ಪುಟ್ಟಿ, ಅರ, ಉಪ್ಪುಕಾಗದ, ಎಲ್ಲವನ್ನೂ ಅಳುತ್ತಳುತ್ತ ಹೇಳಿದರು. ಜೀವಮಾನದಲ್ಲಿ ಅಷ್ಟು ಸತ್ಯವನ್ನು ಒಟ್ಟಿಗೆ ಅವರು ಎಂದೂ ಹೇಳಿರಲಿಲ್ಲ.

ಮೇಸ್ತ್ರಿ ಗುಮಾಸ್ತರ ತಲೆ ಸವರಿದರು.

"ಸಾಕು ಬಿಡು ಮಗ. ನನ್ನ ಸಮಾಧಾನಕ್ಕೆ ಅಂತ ಒಂದು ಸುಳ್ಳಿಗೆ ಇನ್ನೊಂದು ತೇಪೆ ಹಾಕ್ಬೇಡ. ಇದನ್ನ ನೀನೇ ಇಟ್ಕೋ. ನಂದು ಎಲ್ಲೋ ಇದೆ. ಮುಂದಿನ ಭಾನುವಾರ ಇನ್ನೊಂದು ಸಲ ಹುಡುಕ್ತೀಯಾ?"

ಗುಮಾಸ್ತರು ಹತ್ತರಿಯನ್ನು ಎದೆಗೊತ್ತಿಕೊಂಡು, "ಹುಡುಕ್ತೀನಿ ಮೇಸ್ತ್ರಿ" ಎಂದರು. ಅಂದು ಅವರು ಆಡಿದ ಮಾತುಗಳಲ್ಲಿ ಮೇಸ್ತ್ರಿ ನಂಬಿದ್ದು ಅದೊಂದನ್ನೇ.