ಕಾಲಿದ್ದವರೆಲ್ಲ ಓಡುತ್ತಾರೆ

ಕೊಡಗು ತನ್ನದೇ ಒಂದು ಪುಟ್ಟ ರಾಜ್ಯವಾಗಿದ್ದ ಕಾಲ ಅದು. ಅಷ್ಟು ಪುಟ್ಟ ರಾಜ್ಯವನ್ನು ಗಟ್ಟಿ ಮನಸ್ಸಿನ ಮನುಷ್ಯ ಒಂದೇ ಹಗಲಲ್ಲಿ ಓಡಿ ದಾಟಬಹುದು ಎಂದು ನಾನು ನಂಬಿದ್ದೆ. ಆ ಮನುಷ್ಯ ನಾನೇ ಎಂದೂ ನಂಬಿದ್ದೆ!

ತಪ್ಪು ನನ್ನ ನಾಲಿಗೆಯದು. ನನ್ನ ಮಾವ ರಾಜ್ಯದ ಉತ್ತರದ ತುದಿಯ ಕೊಡ್ಲಿಪೇಟೆಯವರು. ಬಸ್ಸು ಬರುವ ಮೊದಲು ಟಪಾಲು ಚೀಲ ಹೊತ್ತು ಕಾಡುದಾರಿಯಲ್ಲಿ ಓಡುತ್ತಿದ್ದ ರನ್ನರ್. ಯುಗಾದಿಗೆಂದು ಕುಶಾಲನಗರದ ಹತ್ತಿರದ ನಮ್ಮ ಮನೆಗೆ ಬಂದವರು, ಊಟಕ್ಕೆ ಕೂತು ಆ ಕಥೆಯನ್ನು ನೂರನೆಯ ಸಲ ತೆಗೆದರು. ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರಾಗಿ ಹಗಲಿಡೀ ಕುರ್ಚಿ ಸವೆಸುವ ನಾನು ಸುಮ್ಮನಿರಬಾರದೇ?

"ಅದೇನು ಮಹಾ, ಮಾವ? ಕಾಲಿದ್ದವರೆಲ್ಲ ಓಡ್ತಾರೆ" ಅಂದೆ.

ಮಾವ ಎಲೆ ಬಿಟ್ಟು ಎದ್ದರು. "ಹಂಗಾದ್ರೆ ಅಳಿಯಂದ್ರೇ, ಒಂದಿನ ಬೆಳಗ್ಗೆ ಹೊರಟು, ದೀಪ ಹಚ್ಚೋದ್ರೊಳಗೆ ಓಡ್ಕಂಡು ನಮ್ಮನೆ ಬಾಗ್ಲಿಗೆ ಬನ್ನಿ. ಅಲ್ಲೀಗಂಟ ನಿಮ್ಮನೇಲಿ ತೊಟ್ಟು ನೀರೂ ಕುಡಿಯಲ್ಲ."

ಎಂಟು ತಿಂಗಳು ಕಳೆಯಿತು. ನನ್ನ ಹೆಂಡತಿ ಗಿರಿಜಾ ಹಬ್ಬ ಬಂದಾಗಲೆಲ್ಲ ಅಪ್ಪನಿಗೆಂದು ಒಂದು ಎಲೆ ಹಾಕುವಳು. ಸ್ವಲ್ಪ ಹೊತ್ತು ಬಾಗಿಲು ನೋಡಿ, ತೆಗೆದಿಡುವಳು. ಅದನ್ನು ನೋಡಲು ನನ್ನಿಂದ ಆಗುತ್ತಿರಲಿಲ್ಲ. ಓಡುವುದೆಂದು ತೀರ್ಮಾನಿಸಿ ಮಾವನಿಗೆ ಕಾಗದ ಹಾಕಿದೆ. ಮೂವತ್ತು ಚಿಲ್ಲರೆ ಮೈಲಿ. ಅಭ್ಯಾಸಕ್ಕೆ ಮೂರು ದಿನ ಬಾವಿಯ ಸುತ್ತ ಓಡಿದೆ. ನಾಲ್ಕನೆಯ ದಿನ ತಲೆ ಸುತ್ತಿದ್ದರಿಂದ ಅಭ್ಯಾಸ ಮುಗಿಯಿತೆಂದು ಸಾರಿದೆ!

ಹೊರಡುವಾಗ ಗಿರಿಜಾ ಒಂದು ಗೋಣಿಚೀಲ ತಂದಳು. ಕಜ್ಜಾಯ, ಎರಡು ತೆಂಗಿನಕಾಯಿ, ಎಲೆಅಡಿಕೆ, ಹೊಗೆಸೊಪ್ಪು.

"ಇದನ್ನ ಹೊತ್ತು ಓಡಕ್ಕಾಗುತ್ತೇನೇ?"

"ಹೆಣ್ಣು ಕೊಟ್ಟೋರ ಮನೆಗೆ ಬರಿಗೈಲಿ ಹೋಗ್ತೀರೇನ್ರೀ?" ಎನ್ನುತ್ತ ಬೆನ್ನಿಗೆ ಬಿಗಿದೇಬಿಟ್ಟಳು. ಆಮೇಲೆ ಮೆಲ್ಲಗೆ, "ಹೆಂಗಾದ್ರೂ ಮುಟ್ಟಿಬಿಡಿ" ಅಂದಳು. ಅವಳ ಕಣ್ಣು ತುಂಬಿತ್ತು.

ನಾಲ್ಕನೆಯ ಮೈಲಿಗೇ ಹಿಮ್ಮಡಿ ಸುಲಿಯಿತು. ಆರನೆಯದಕ್ಕೆ ತೆಂಗಿನಕಾಯಿಗಳು ಬೆನ್ನುಮೂಳೆಯನ್ನು ಒಂದೊಂದಾಗಿ ಎಣಿಸತೊಡಗಿದವು. ಸೂರ್ಯ ಮಾತ್ರ ಆಯಾಸವಿಲ್ಲದೆ ಏರುತ್ತಿದ್ದ. ಹಲ್ಲು ಕಚ್ಚಿ ಓಡಿದೆ.

ಸೋಮವಾರಪೇಟೆ ಇನ್ನೂ ದೂರವಿತ್ತು. ರಸ್ತೆಬದಿಯ ತೋಟದಲ್ಲಿ ಕಾಫಿ ಪಿಕ್ಕಿಂಗ್ ನಡೆದಿತ್ತು. ಇದ್ದಕ್ಕಿದ್ದಂತೆ ಹೆಂಗಸೊಬ್ಬಳು ಕಿರುಚಿದಳು: "ಅಯ್ಯೋ, ಆನೆ! ಆನೆ ಬಂತು!"

ಬುಟ್ಟಿಗಳು ಉರುಳಿದವು, ಜನ ದಿಕ್ಕಾಪಾಲಾದರು. ನಾನು ಹಿಂದೆ ನೋಡದೆ ಓಡಿದೆ, ಬೆನ್ನಿನ ಭಾರ ಇಳಿಸಿ ಹಲಸಿನ ಮರ ಹತ್ತಿದೆ. ಮೇಲಿನ ಕೊಂಬೆಯಲ್ಲಿ ತೋಟದ ಮೇಸ್ತ್ರಿ ಆಗಲೇ ಕೂತಿದ್ದ. ಉಸಿರು ಬಿಗಿಹಿಡಿದು ಕಾದೆವು. ಎಲೆ ಅಲುಗಿದರೂ ಎದೆ ಹಾರುತ್ತಿತ್ತು. ಒಂದು ಗಂಟೆಯಾಯಿತು. ಸೂರ್ಯ ನೆತ್ತಿಗೆ ಬಂದ.

"ಎಷ್ಟ್ ಆನೆ ಸ್ವಾಮಿ?" ಮೇಸ್ತ್ರಿ ಪಿಸುಗುಟ್ಟಿದ.

"ನನಗೇನು ಗೊತ್ತು? ಕೂಗಿದ್ದು ನಿಮ್ಮವರಲ್ವಾ?"

"ನೀವು ಹಂಗೆ ಓಡ್ತಾ ಬಂದಿದ್ದಕ್ಕಲ್ವಾ ಅವ್ರು ಕೂಗಿದ್ದು! ಆನೆ ಅಟ್ಟಿಸ್ಕಂಡು ಬರ್ದೆ ಈ ರಸ್ತೇಲಿ ಯಾರು ಓಡ್ತಾರೆ?"

ಅಂದರೆ, ಒಂದು ಗಂಟೆ ನಾನು ನನಗೇ ಹೆದರಿ ಮರದಲ್ಲಿ ಕೂತಿದ್ದೆ!

ದಡದಡನೆ ಇಳಿದು ಓಡಿದೆ. ಆಗ ಒಂದು ಪವಾಡ ನಡೆಯಿತು. ಮೈ ಹಗುರವಾಯಿತು! ನೋವು ಅರ್ಧಕ್ಕಿಳಿಯಿತು. ಮನೋಬಲವೆಂದರೆ ಇದೇ ಎಂದು ನನಗೆ ನಾನೇ ತಲೆದೂಗಿದೆ. ಶನಿವಾರಸಂತೆಯ ಆಚೆ ಬಸ್ಸೊಂದು ಪಕ್ಕಕ್ಕೆ ಬಂತು. "ಹತ್ತಿ ಸಾರ್, ಸೀಟು ಖಾಲಿ ಐತೆ" ಎಂದ ಕಂಡಕ್ಟರ್. ಗಿರಿಜಾ ತೆಗೆದಿಡುತ್ತಿದ್ದ ಆ ಎಲೆ ಕಣ್ಣ ಮುಂದೆ ಬಂತು. ಬೇಡವೆಂದು ಕೈಯಾಡಿಸಿದೆ. ಬಸ್ಸು ಮರೆಯಾದ ಮೇಲೆ ಮಾತ್ರ ಅತ್ತುಬಿಟ್ಟೆ.

ಬಿಸಿಲು ಮರಗಳ ತುದಿಗೇರಿತು. ಕಾಲು ಕಟ್ಟಿಗೆಯಾಯಿತು. ಕೊನೆಯ ಫರ್ಲಾಂಗನ್ನು ಬೇಲಿ ಹಿಡಿದು ದಾಟಿದೆ. ಮಾವ ಬಾಗಿಲಲ್ಲಿ ನಿಂತಿದ್ದರು. ಅತ್ತೆಮ್ಮ ಲಾಟೀನಿನ ಗಾಜು ಒರೆಸುತ್ತಲೇ ಇದ್ದರು. ಅಷ್ಟು ಹೊತ್ತು ಒರೆಸುವಷ್ಟು ಮಸಿ ಯಾವ ಗಾಜಿಗೂ ಹಿಡಿಯುವುದಿಲ್ಲ. ನಾನು ಹೊಸ್ತಿಲ ಮೇಲೆ ಬಿದ್ದ ಮೇಲೆಯೇ ಅವರು ಕಡ್ಡಿ ಗೀರಿದರು.

"ಬಂದೆ ಮಾವ! ಗೆದ್ದೆ!"

ಮಾವ ನನ್ನ ಬೆನ್ನು ನೋಡಿದರು. "ಮಗಳು ಏನೂ ಕಳಿಸ್ಲಿಲ್ವಾ?"

ನನ್ನ ಕೈ ಬೆನ್ನಿಗೆ ಹೋಯಿತು. ಮನೋಬಲ ಹಲಸಿನ ಮರದ ಬುಡದಲ್ಲಿ ಕೂತಿತ್ತು! ನಡೆದದ್ದನ್ನು ತೊದಲಿದೆ.

"ರನ್ನರ್‌ಗೆ ಯಾರು ಕಾಯ್ತಾರೆ, ಅಳಿಯಂದ್ರೇ? ಟಪಾಲಿಗೆ ಕಾಯ್ತಾರೆ" ಎಂದು ಮಾವ ಒಳಗೆ ಹೋದರು. ಗಿರಿಜಾಗೆ ಯಾವ ಮುಖ ತೋರಿಸಲಿ ಎಂದು ನನಗೆ ಸಂಕಟವಾಯಿತು.

ಮರುದಿನ ಎಚ್ಚರವಾದಾಗ ಮಧ್ಯಾಹ್ನ. ಕಾಲು ನನ್ನ ಮಾತು ಕೇಳಲಿಲ್ಲ. ಅತ್ತೆಮ್ಮ ಬಿಸಿ ಎಣ್ಣೆ ತಂದರು.

"ಮಾವ ಎಲ್ಲಿ?"

"ಕೋಳಿ ಕೂಗೋ ಮುಂಚೇನೇ ಹೊರಟ್ರು. ತಲುಪದ ಟಪಾಲು ಕಳಿಸಿದೋರಿಗೇ ವಾಪಸ್ ಹೋಗ್ಬೇಕಂತೆ. ಕಾನೂನಂತೆ."

ಮೂರನೆಯ ದಿನ ನನ್ನನ್ನು ಬಸ್ಸಿಗೆ ಹತ್ತಿಸಿದರು. ಊರಲ್ಲಿ ಕಂಡಕ್ಟರ್ ಒಂದು ರೆಟ್ಟೆ, ಡ್ರೈವರ್ ಒಂದು ರೆಟ್ಟೆ ಹಿಡಿದು ಮನೆಗೆ ತಂದರು. ಜಗಲಿಯಲ್ಲಿ ಅರವತ್ತೈದರ ಮಾವ ಕಾಲುಚಾಚಿ ಕಜ್ಜಾಯ ಮುರಿಯುತ್ತಿದ್ದರು. ಪಕ್ಕದಲ್ಲಿ, ನಾನು ಹಲಸಿನ ಬುಡದಲ್ಲಿ ಬಿಟ್ಟುಬಂದಿದ್ದ ಗೋಣಿಚೀಲ. ಗಿರಿಜಾ ನಗುತ್ತ, ಕಣ್ಣೊರೆಸುತ್ತ, ಅಪ್ಪನ ಲೋಟಕ್ಕೆ ಮತ್ತೆ ನೀರು ಬಗ್ಗಿಸುತ್ತಿದ್ದಳು.

"ಅಪ್ಪ ನಿನ್ನೆ ದೀಪ ಹಚ್ಚೋ ಮುಂಚೇನೇ ಓಡ್ಕಂಡು ಬಂದ್ರು ಕಣ್ರೀ!"

ಮಾವ ಒಂದೇ ಗುಟುಕಿಗೆ ಲೋಟ ಖಾಲಿ ಮಾಡಿ, ಬಾಯೊರೆಸಿಕೊಂಡರು.

"ಅದೇನು ಮಹಾ, ಅಳಿಯಂದ್ರೇ? ಕಾಲಿದ್ದೋರೆಲ್ಲ ಓಡ್ತಾರೆ."

ಆಗಿನ್ನೂ ಇಬ್ಬರು ಹಿಡಿದುಕೊಂಡು ನನ್ನನ್ನು ಜಗಲಿ ಹತ್ತಿಸುತ್ತಿದ್ದರು!