ಎಳೆತ ಪೂರೈಕೆ ವಿಭಾಗ ಸ್ಥಾಪನೆಯಾದ ಬಗೆ

ಹಾರುವ ವಿಮಾನವನ್ನು ಗಾಳಿಯು ಹಿಂದಕ್ಕೆ ಎಳೆಯುತ್ತದೆ ಎಂಬ ಸಂಗತಿಯನ್ನು ಬಾಂಡುಂಗ್‌ನ ನಮ್ಮ ವಿಮಾನ ವಿನ್ಯಾಸ ಮಂಡಳಿಯು ಕಳೆದ ಮಾರ್ಚ್ ಹನ್ನೊಂದರಂದು, ಇಬ್ಬರ ಭಿನ್ನಮತದೊಂದಿಗೆ, ಅಧಿಕೃತವಾಗಿ ಒಪ್ಪಿಕೊಂಡಿತು. ಆ ಸಭೆಯ ನಡಾವಳಿ ಬರೆದವನು ನಾನೇ.

ಮಂಡಳಿಯು ಹತ್ತೊಂಬತ್ತು ಆಸನಗಳ ‘ಪಿಯಿತ್’ ಎಂಬ ಪುಟ್ಟ ವಿಮಾನವನ್ನು ಕಟ್ಟುತ್ತಿತ್ತು. ಅದರ ಎಳೆತವನ್ನು ಅಂದಾಜು ಮಾಡುವ ಕೆಲಸ ಎಂಜಿನಿಯರ್ ಇಮಾಸ್ ಅವರದು. ರೆಕ್ಕೆಗಿಷ್ಟು, ಒಡಲಿಗಿಷ್ಟು, ಬಾಲಕ್ಕಿಷ್ಟು, ಚಕ್ರಕ್ಕಿಷ್ಟು ಎಂದು ಒಂದೊಂದಕ್ಕೂ ಅಂಕ ಹಾಕಿ ಕೂಡಿಸುವುದು ಪದ್ಧತಿ. ಅಂಕ ಕಡಿಮೆಯಾದಷ್ಟೂ ವಿಮಾನ ಒಳ್ಳೆಯದು. ಏಳು ತಿಂಗಳು ಲೆಕ್ಕ ಹಾಕಿ, ಗಾಳಿಸುರಂಗದಲ್ಲಿ ಮಾದರಿ ಇಟ್ಟು ನೋಡಿ, ಇಮಾಸ್ ಮುನ್ನೂರ ನಲವತ್ತೊಂದು ಎಂದು ಬರೆದರು. ಅದಕ್ಕೆ ಒಂದು ವರ್ಷ ಮೊದಲೇ ನಿರ್ದೇಶಕ ರುಕ್ಮಾನಾ, ನಮ್ಮ ಬಾಯಲ್ಲಿ ಗೌರವದ ‘ಪಾಕ್’ ರುಕ್ಮಾನಾ, ಪತ್ರಿಕೆಯವರ ಮುಂದೆ ಇನ್ನೂರ ಅರವತ್ತು ಎಂದು ಘೋಷಿಸಿಯಾಗಿತ್ತು. ಹೀಗಾಗಿ ತಪ್ಪು ಇಮಾಸ್ ಅವರದೇ ಎಂಬುದು ಸ್ಪಷ್ಟವಿತ್ತು.

“ಇದೇನಮ್ಮ ಇಲ್ಲಿ, ಹಸ್ತಕ್ಷೇಪದಿಂದ ಇಪ್ಪತ್ತೆರಡು?” ಎಂದು ನಿರ್ದೇಶಕರು ಪಟ್ಟಿಯ ಮೇಲೆ ಬೆರಳಿಟ್ಟರು. “ಹಸ್ತಕ್ಷೇಪ ಮಾಡಿದವರು ಯಾರು?”

“ಯಾರೂ ಅಲ್ಲ ಪಾಕ್. ರೆಕ್ಕೆ ಒಡಲಿಗೆ ಸೇರೋ ಮೂಲೇಲಿ ಗಾಳಿ ಸುಳಿ ಸುತ್ತುತ್ತೆ. ಅದಕ್ಕೆ ಹಾಗಂತಾರೆ.”

“ಹೆಸರು ಹೇಳೋಕೆ ಹೆದರಬೇಡ.”

ವಿಚಾರಣಾ ಸಮಿತಿ ನೇಮಕವಾಯಿತು. ರೆಕ್ಕೆ ವಿಭಾಗದ ಪಾಕ್ ಎಂಕೋಸ್ ಹೇಳಿಕೆ ಕೊಟ್ಟರು: “ನನ್ನ ರೆಕ್ಕೆ ಒಂಟಿಯಾಗಿದ್ದಾಗ ಬಂಗಾರದಂಥದ್ದು. ಇವರ ಒಡಲಿನ ಸಹವಾಸ ಆದ್ಮೇಲೆ ಕೆಟ್ಟಿತು.” ಒಡಲು ವಿಭಾಗದ ಬು ಯಾಯಾಹ್ ಎಂಬ ಹಿರಿಯಮ್ಮ ಶಾಂತವಾಗಿ ಉತ್ತರಿಸಿದರು: “ಬಂದು ಅಂಟಿಕೊಂಡಿದ್ದು ಯಾರು ಅಂತ ನಕ್ಷೇಲಿ ನೋಡ್ಲಿ.” ಇಬ್ಬರ ಮಾನವೂ ಉಳಿಯುವಂತೆ ಸಮಿತಿಯು, ಇನ್ನು ಮುಂದೆ ಎಳೆತದ ಮಟ್ಟಿಗೆ ರೆಕ್ಕೆ ಮತ್ತು ಒಡಲನ್ನು ಪರಸ್ಪರ ಪರಿಚಯವಿಲ್ಲದವರೆಂದು ಭಾವಿಸತಕ್ಕದ್ದು ಎಂದು ಆದೇಶಿಸಿತು. ಇಪ್ಪತ್ತೆರಡು ಅಂಕ ಇಳಿಯಿತು.

ಆಮೇಲೆ ಕೆಲಸ ಸುಲಭವಾಯಿತು. ಚಕ್ರಗಳು ನೆಲದ ಮೇಲೆ ಉರುಳುವ ವಸ್ತುಗಳಾದ್ದರಿಂದ ಅವುಗಳ ನಲವತ್ತೆಂಟು ಅಂಕವನ್ನು ರಸ್ತೆ ಸಾರಿಗೆ ಇಲಾಖೆಗೆ ವರ್ಗಾಯಿಸಲಾಯಿತು. ವಿಮಾನದ ಮೈಮೇಲಿನ ಮೊಳೆಗಳ ತಲೆಯ ಹನ್ನೊಂದು ಅಂಕವನ್ನು, ಅವು ಐದು ಹೆಜ್ಜೆ ದೂರದಿಂದ ಕಾಣುವುದಿಲ್ಲವೆಂದು ಮೂವರು ಹಿರಿಯ ಅಧಿಕಾರಿಗಳು ಖುದ್ದು ನಿಂತು ಪರೀಕ್ಷಿಸಿ, ಕೈಬಿಡಲಾಯಿತು. ಉಳಿದದ್ದು ಸರಿಯಾಗಿ ಇನ್ನೂರ ಅರವತ್ತು. ಎಲ್ಲರಿಗೂ ಬತಗೊರ್ ಎಂಬ ಕರಿದ ತಿಂಡಿ ಹಂಚಿದರು.

ಅದು ಜೀರ್ಣವಾಗುವ ಮೊದಲೇ ಸಚಿವಾಲಯದಿಂದ ಅಭಿನಂದನಾ ಪತ್ರ ಬಂತು. ಒಂಬತ್ತು ದಿನಗಳಲ್ಲಿ ಎಂಬತ್ತೊಂದು ಅಂಕ ಇಳಿಸಬಲ್ಲ ಮಂಡಳಿಯು ಮಿಕ್ಕದ್ದನ್ನು ಏಕೆ ಉಳಿಸಿಕೊಂಡಿದೆ ಎಂದು ಅದರ ಕೊನೆಯ ಸಾಲಿನಲ್ಲಿ ಕೇಳಿದ್ದರು.

ವಿಭಾಗಗಳ ನಡುವೆ ಸ್ಪರ್ಧೆ ಹತ್ತಿಕೊಂಡಿತು. ಗಾಳಿಯು ಮುಂದಿನಿಂದ ಬರುತ್ತದೆ, ಮುಂದಿರುವವರು ಅದನ್ನು ಆಗಲೇ ಅನುಭವಿಸಿರುತ್ತಾರೆ, ಒಂದೇ ಗಾಳಿಯನ್ನು ಎರಡು ಸಲ ಲೆಕ್ಕಕ್ಕೆ ಹಿಡಿಯುವುದು ನಿಯಮಬಾಹಿರ ಎಂದು ಬಾಲ ವಿಭಾಗವು ತನ್ನದನ್ನು ಸೊನ್ನೆ ಮಾಡಿಕೊಂಡಿತು. ಒಡಲು ಇರುವುದೇ ಪ್ರಯಾಣಿಕರಿಗಾಗಿ, ಅದರ ಎಳೆತ ಅವರವರ ಸಾಮಾನಿನ ಜೊತೆ ಅವರದೇ ಜವಾಬ್ದಾರಿ ಎಂದರು ಬು ಯಾಯಾಹ್. ಪಾಕ್ ಎಂಕೋಸ್ ಎಲ್ಲರಿಗಿಂತ ಒಂದು ಹೆಜ್ಜೆ ಮುಂದೆ ಹೋದರು. ಇಡೀ ವಿಮಾನವನ್ನು ಎತ್ತಿ ಹಿಡಿಯುವ ರೆಕ್ಕೆಗೆ ಎಳೆತದ ಆರೋಪ ಹೊರಿಸುವುದಿರಲಿ, ಪ್ರೋತ್ಸಾಹಧನ ಕೊಡಬೇಕು ಎಂದು ವಾದಿಸಿ, ಸೊನ್ನೆಗಿಂತಲೂ ಕೆಳಗೆ, ಋಣ ಹದಿನಾಲ್ಕು ಅಂಕ ಮಂಜೂರು ಮಾಡಿಸಿಕೊಂಡರು.

ವಿಮಾನದ ಒಟ್ಟು ಎಳೆತ ಈಗ ಋಣ ಹದಿನಾಲ್ಕು. ಅಂದರೆ ಗಾಳಿಯು ಪಿಯಿತ್ ಅನ್ನು ಹಿಂದಕ್ಕೆ ಎಳೆಯುವುದಿಲ್ಲ, ಮುಂದಕ್ಕೆ ತಳ್ಳುತ್ತದೆ. ಕೂಡಲೇ ಇಂಧನ ವಿಭಾಗದಿಂದ ಸುತ್ತೋಲೆ ಹೊರಟಿತು: ಮೊದಲ ಹಾರಾಟಕ್ಕೆ ಇಪ್ಪತ್ತು ಲೀಟರ್ ಎಣ್ಣೆಯನ್ನು ಸಾಂಕೇತಿಕವಾಗಿ ತುಂಬಿಸತಕ್ಕದ್ದು.

ಹಾರಿಸಬೇಕಾಗಿದ್ದವರು ಕ್ಯಾಪ್ಟನ್ ಓಮಾನ್. ಮೂವತ್ತು ವರ್ಷ ಹೊಸ ವಿಮಾನಗಳನ್ನೇ ಹಾರಿಸಿ ನೋಡಿದವರು. ಸುತ್ತೋಲೆ ಹಿಡಿದು ಕ್ಯಾಂಟೀನಿಗೆ ಬಂದು ಇಮಾಸ್ ಎದುರು ಕುಳಿತರು. ಇಬ್ಬರೂ ಒಬ್ಬರನ್ನೊಬ್ಬರು ತೇಹ್, ಕಾಂಗ್, ಅಂದರೆ ಅಕ್ಕ, ಅಣ್ಣ ಎಂದೇ ಕರೆಯುತ್ತಿದ್ದರು.

“ತೇಹ್, ದಕ್ಷಿಣದ ಬೆಟ್ಟ ದಾಟಿ ಸಮುದ್ರದ ದಂಡೆ ಮುಟ್ಟಿ ವಾಪಸ್ ಬರ್ಬೇಕು ನಾನು. ಇಪ್ಪತ್ತು ಲೀಟರಲ್ಲಿ ಬೆಟ್ಟದ ಬುಡ ಮುಟ್ತೀನಾ?”

“ಗೇಟು ದಾಟ್ತೀರಿ, ಕಾಂಗ್.”

“ನನಗೆ ಮೂರು ಹೆಣ್ಮಕ್ಕಳು.”

“ಗೊತ್ತು.”

“ಹೋಗಲ್ಲ ಅಂದ್ರೆ ಬೇರೆ ಯಾರನ್ನೋ ಕೂರಿಸ್ತಾರೆ. ಹೊಸಬರು ಪಾಪ, ಸುತ್ತೋಲೆ ನಂಬ್ತಾರೆ.”

ಇಮಾಸ್ ಆಗಲೇ ಮೂರು ಸಲ ನಿರ್ದೇಶಕರಿಗೆ ಮುನ್ನೂರ ನಲವತ್ತೊಂದೇ ನಿಜ ಎಂದು ಬರೆದಿದ್ದರು. ಮೂರು ಸಲವೂ ಪತ್ರ ‘ಹಳೆಯ ಅಂಕಿ’ ಎಂಬ ಷರಾದೊಂದಿಗೆ ಹಿಂದಿರುಗಿತ್ತು. ಇದನ್ನೆಲ್ಲ ಆಮೇಲೆ ಅವರೇ ನನಗೆ ಹೇಳಿದರು. ಈಗ ಎದ್ದು ಹೋಗಿ ನಾಲ್ಕನೆಯ ಪತ್ರ ಬರೆದರು. ಅದರಲ್ಲಿ ನಿಜದ ಸುದ್ದಿಯೇ ಇರಲಿಲ್ಲ.

‘ಋಣ ಎಳೆತ ಸಾಧಿಸಿದ್ದಕ್ಕೆ ಅಭಿನಂದನೆಗಳು. ಆದರೆ ಹೀಗೆ ಮುಂದಕ್ಕೆ ತಳ್ಳಲ್ಪಡುವ ವಿಮಾನವು ಇಳಿದ ಮೇಲೆ ನಿಲ್ಲಲಾರದು. ಅದು ಓಡುದಾರಿಯ ತುದಿ ದಾಟಿ, ಮಾನ್ಯ ನಿರ್ದೇಶಕರ ಕೊಠಡಿಯನ್ನು ಪೂರ್ವದ ಕಿಟಕಿಯಿಂದ ಪ್ರವೇಶಿಸಿ ಪಶ್ಚಿಮದ ಕಿಟಕಿಯಿಂದ ನಿರ್ಗಮಿಸುವುದು. ಆದ್ದರಿಂದ ಸುರಕ್ಷತೆಯ ಸಲುವಾಗಿ ಹೊರಗಿನಿಂದ ಮುನ್ನೂರ ಐವತ್ತೈದು ಅಂಕ ಎಳೆತವನ್ನು ಪೂರೈಸಲು, ಮತ್ತು ಅದಕ್ಕೆ ತಕ್ಕಷ್ಟು ಎಣ್ಣೆ ತುಂಬಿಸಲು, ಅಪ್ಪಣೆ ಬೇಡುತ್ತೇನೆ.’

ಪಾಕ್ ರುಕ್ಮಾನಾ ಪತ್ರವನ್ನು ನಿಂತೇ ಓದಿದರು. ಪೂರ್ವದ ಕಿಟಕಿ ನೋಡಿದರು. ಪಶ್ಚಿಮದ್ದನ್ನೂ ನೋಡಿದರು.

“ಮುನ್ನೂರ ಐವತ್ತೈದು ಸಾಕಾಗುತ್ತಾ?” ಎಂದು ಕೇಳಿದರು.

“ಸರಿಯಾಗಿ ಸಾಕಾಗುತ್ತೆ ಪಾಕ್. ಋಣ ಹದಿನಾಲ್ಕನ್ನು ಕಳೆದ್ರೆ ಮುನ್ನೂರ ನಲವತ್ತೊಂದು.”

“ನಮ್ಮ ದೇಶದ್ದೇ ತಾನೆ? ಆಮದು ಅಲ್ವಲ್ಲ?”

“ಪೂರ್ತಿ ಇಲ್ಲಿನ ಗಾಳೀದೇ.”

ಅಂದೇ ಸಹಿ ಬಿತ್ತು. ಟ್ಯಾಂಕು ತುಂಬಿಸಿದರು. ಕ್ಯಾಪ್ಟನ್ ಓಮಾನ್ ಬೆಟ್ಟ ದಾಟಿ, ಸಮುದ್ರ ನೋಡಿ, ಮಧ್ಯಾಹ್ನದ ಊಟಕ್ಕೆ ವಾಪಸ್ಸಾದರು. ಇಳಿದವರೇ ಇಮಾಸ್ ಕೈ ಹಿಡಿದುಕೊಂಡರು. ಇಬ್ಬರಿಗೂ ನಗು ಬಂದು, ತಡೆಯಲಾಗದೆ ರೆಕ್ಕೆಗೆ ಒರಗಿಕೊಂಡು ನಕ್ಕರು. ಅಳೆದು ನೋಡಿದಾಗ ಎಳೆತ ಮುನ್ನೂರ ನಲವತ್ತಮೂರು ಇತ್ತು. ಪೂರೈಕೆಯಲ್ಲಿ ಎರಡು ಅಂಕ ಧಾರಾಳವಾಗಿದೆ ಎಂದು ನಿರ್ದೇಶಕರು ಮೆಚ್ಚುಗೆ ಸೂಚಿಸಿದರು.

ಮರುವಾರ, ಆ ಮಾರ್ಚ್ ಹನ್ನೊಂದರ ಸಭೆಯಲ್ಲೇ, ಎಳೆತ ಪೂರೈಕೆ ವಿಭಾಗ ಸ್ಥಾಪನೆಯಾಗಿ, ಇಮಾಸ್ ಅದರ ಮುಖ್ಯಸ್ಥರಾದರು. ಹನ್ನೆರಡು ಮಂದಿ ಸಿಬ್ಬಂದಿ, ಒಂದು ಉಗ್ರಾಣ. ಉಗ್ರಾಣ ಖಾಲಿಯಾಗಿದೆ, ದಾಸ್ತಾನು ಕಾಣುವುದಿಲ್ಲ, ಆದರೆ ಕೊರತೆ ಬಂದಿಲ್ಲ ಎಂದು ತಪಾಸಣೆಯವರು ಬರೆದು ಹೋಗಿದ್ದಾರೆ. ಆರಂಭದಲ್ಲಿ ಇಮಾಸ್ ನನ್ನ ಹತ್ತಿರ ಬಂದು ಬಾಗಿಲು ಹಾಕಿಕೊಂಡು ನಗುತ್ತಿದ್ದರು. ಈಚೆಗೆ ಪುರುಸೊತ್ತಿಲ್ಲ.

ನಿನ್ನೆ ನಿರ್ದೇಶಕರು ಫೋನ್ ಮಾಡಿದಾಗ ನಾನು ಇಮಾಸ್ ಮೇಜಿನ ಎದುರಿಗೇ ಇದ್ದೆ. ಐವತ್ತು ಆಸನಗಳ ವಿಮಾನ ಬರುತ್ತಿದೆ, ಎಳೆತ ಜಾಸ್ತಿ ಬೇಕಾಗುತ್ತದೆ ಎಂದರು. ಇಮಾಸ್ ಪೆನ್ನು ತೆಗೆದುಕೊಂಡರು.

“ಯಾವ ತಾರೀಖಿಗೆ ಬೇಕು ಪಾಕ್? ಮುಂಚೆ ಹೇಳಿದ್ರೆ ಎತ್ತಿಡ್ತೀನಿ.”